ಮೈನಸ್ 5 ಲೆನ್ಸೂ ನಮ್ಮೂರ ಭಂಡಾರವೂ

ನಮ್ಮೂರು ಚಿಂಚಲಿ. ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ ಅಂದ್ರೆ ಊರೆಲ್ಲ ಹಳದಿ, ಭಂಡಾರ ಹಾರ್ತಾನೇ ಇರ್ತದ. ಹೋದ ವರ್ಷ ಫೋಟೊದಾಗ ಕನ್ನಡಕ ಬ್ಯಾಡ ಅಂತ ರೂಮ್‌ಮೇಟ್ ಹತ್ರ ಒಂದು ಜೊತೆ ಕಾಂಟ್ಯಾಕ್ಟ್ ಲೆನ್ಸ್ ಇಸ್ಕೊಂಡು ಹೋದೆ. ಸೀಲ್ ಒಡೆಯದ ಹೊಸಾವು. ನನ್ನ ಕನ್ನಡಕ ಮೈನಸ್ 5, ಅವನ ಡಬ್ಬಿ ಮೇಲೂ ಮೈನಸ್ 5. ಇನ್ನೇನು ಬೇಕು?

"ಕಣ್ಣಾಗ ಭಂಡಾರ ಬಿದ್ರ ಏನ್ ಮಾಡ್ತೀಯೋ?" ಅಂದ್ಳು ಅವ್ವ. ಮಧ್ಯಾಹ್ನ ಬಿತ್ತು. ಲೆನ್ಸ್ ತೆಗೆಯಾಕ ಹೋದ್ರ ಕಣ್ಣಿಗೆ ಅಂಟಿಕೊಂಡು ಕೂತಿತ್ತು. ಎರಡು ದಿನ ಕಣ್ಣು ಕೆಂಪು. ಆಮೇಲೆ ಕಣ್ಣು ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು, ನನ್ನ ಲೆಕ್ಕ ಎರಡು ಕಡೆ ತಪ್ಪಿತ್ತು.

ಮೊದಲನೇದು ಪವರ್. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿ.ಮೀ. ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಕನ್ನಡಕದ ಪವರನ್ನು, 1ರಿಂದ ದೂರ ಗುಣಿಸು ಪವರ್ ಕಳೆದು ಬಂದದ್ದರಿಂದ ಭಾಗಿಸಬೇಕು. ದೂರ ಮೀಟರ್‌ನಲ್ಲಿ. −5 ÷ (1 + 0.06) = −4.72. ಸಿಗೋದು 0.25ರ ಹೆಜ್ಜೆಯಲ್ಲಿ, ಹಂಗಾಗಿ −4.75. ಮೈನಸ್ 3 ಇದ್ದವರಿಗೆ −2.90 ಬರುತ್ತದೆ, ಅವರಿಗೆ ಮೈನಸ್ 3 ಲೆನ್ಸೇ ನಡೀತದ.

ಎರಡನೇದು ಅಳತೆ. ಡಬ್ಬಿ ಮೇಲೆ ಬಿ.ಸಿ. ಅಂತ ಇರುತ್ತಲ್ಲ, ಅದು ಬೇಸ್ ಕರ್ವ್, ಲೆನ್ಸಿನ ಒಳಮೈಯ ತ್ರಿಜ್ಯ. ನಾನು ಬಹಳ ದಿನ ಅದನ್ನ "ಬಿಸಿ" ಅಂತಾನೇ ಓದ್ತಿದ್ದೆ! ಪಕ್ಕದಲ್ಲೇ ವ್ಯಾಸ ಇರುತ್ತದೆ. ಇವೆರಡೂ ಸೇರಿ ಲೆನ್ಸ್ ಎಷ್ಟು ಆಳದ ಬಟ್ಟಲು ಅಂತ ಹೇಳುತ್ತವೆ. ಲೆನ್ಸ್ ಗೋಳದ ತುಂಡು ಅಂದ್ಕೊಂಡ್ರೆ ಪೈಥಾಗೊರಸ್ ಸಾಕು: ತ್ರಿಜ್ಯದ ವರ್ಗದಿಂದ ಅರ್ಧ ವ್ಯಾಸದ ವರ್ಗ ಕಳೆದು, ವರ್ಗಮೂಲ ತೆಗೆದು, ಅದನ್ನ ತ್ರಿಜ್ಯದಿಂದ ಕಳೀರಿ. ನನಗೆ ಕೊಟ್ಟದ್ದು 8.6, ವ್ಯಾಸ 14.2, ಆಳ 3.75 ಮಿ.ಮೀ. ರೂಮ್‌ಮೇಟ್‌ದು 8.4, ಅದೇ ವ್ಯಾಸ, ಆಳ 3.91. ಆಳ ಜಾಸ್ತಿ, ಹಿಡಿತ ಬಿಗಿ. ಇನ್ನೊಂದು ಮಜಾ: 8.6 ಹಾಗೇ ಇಟ್ಟು ವ್ಯಾಸ 13.8 ಮಾಡಿದ್ರೆ ಆಳ 3.47ಕ್ಕೆ ಇಳೀತದ. ಬರೀ ಬಿ.ಸಿ. ನೋಡಿ ಲೆನ್ಸ್ ಕೊಂಡ್ರೆ ಮೋಸ ಹೋಗ್ತೀರಿ.

ಬಿಗಿ ಲೆನ್ಸ್ ಮೊದಮೊದಲು ಆರಾಮ ಅನಿಸ್ತದ, ಅಲ್ಲೇ ಅಪಾಯ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಆಮ್ಲಜನಕ ಬರೋದು ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ. ರೆಪ್ಪೆ ಬಡಿದಾಗ ಲೆನ್ಸ್ ಸ್ವಲ್ಪ ಸರಿದಾಡಬೇಕು, ಆಗಲೇ ಅದರ ಕೆಳಗಿನ ಕಣ್ಣೀರು ಬದಲಾಗೋದು, ಕಸ ಹೊರಬರೋದು. ತೀರ ಸಡಿಲ ಇದ್ರೆ ಅಂಚು ಚುಚ್ಚುತ್ತೆ, ರೆಪ್ಪೆ ಬಡಿದಾಗೆಲ್ಲ ಮಂಜು. ಅದಕ್ಕೇ ಲೆನ್ಸ್ ಹಾಕಿಸಿ, ಸ್ವಲ್ಪ ಹೊತ್ತು ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಬೆರಳಿಂದ ಕೆಳರೆಪ್ಪೆ ಒತ್ತಿ ಲೆನ್ಸನ್ನ ಮೇಲೆ ದೂಡಿ, ಎಷ್ಟು ಸಲೀಸಾಗಿ ವಾಪಸ್ ಬರ್ತದ ಅಂತ ಪರೀಕ್ಷೆ ಮಾಡ್ತಾರೆ.

ಅಂದಹಾಗೆ, ಮೆತ್ತನೆ ಲೆನ್ಸನ್ನ ತಿರುಗಿಸಿ ಅಚ್ಚು ಹಾಕೋ ಯಂತ್ರವನ್ನ ಚೆಕ್ ವಿಜ್ಞಾನಿ ಒಟ್ಟೊ ವಿಕ್ಟರ್ಲೆ 1961ರ ಕ್ರಿಸ್‌ಮಸ್‌ಗೆ ಮನೇಲೇ ಕಟ್ಟಿದ್ದು, ಮಕ್ಕಳ ಆಟಿಕೆ ಸೆಟ್ಟು, ಸೈಕಲ್ ಡೈನಮೊ ಬಳಸಿ. ನಮ್ಮ ಮಿನಿ ಪ್ರಾಜೆಕ್ಟ್‌ಗೆ ಇನ್ನೂ ಟೈಟಲ್ಲೇ ಸಿಕ್ಕಿಲ್ಲ.

ಧೂಳು, ಭಂಡಾರ ಬಿದ್ರೆ ಕೈ ತೊಳೆದು ಒರೆಸಿ ಮೊದಲು ಲೆನ್ಸ್ ತೆಗೀರಿ. ನಲ್ಲಿ ನೀರಲ್ಲಿ ತೊಳೆದು ಮತ್ತೆ ಹಾಕ್ಬೇಡಿ, ಆ ನೀರಲ್ಲಿ ಅಕಾಂತಮೀಬ ಇರಬಹುದು, ಅದು ಕಾರ್ನಿಯಾ ತಿಂತದ. ಈ ಸಲ ಜಾತ್ರೆಗೆ ನಾನು ಕನ್ನಡಕದಲ್ಲೇ ಹೋಗ್ತೀನಿ.