‘ವಿಶೇಷ ಇಲ್ವಾ?’ ಎಂದು ಕೇಳುವವರಿಗೂ ಒಂದು ಕಾನೂನಿದೆ

ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ಯಾರದೋ ಸೀಮಂತಕ್ಕೆ ಹೋದ ಹೆಂಗಸಿಗೆ ‘ಏನಮ್ಮ, ಇನ್ನೂ ವಿಶೇಷ ಇಲ್ವಾ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಗಂಡನನ್ನು ಯಾರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲೂ ಎಷ್ಟೋ ಸಲ ಇದೇ ಪಾಡು. ಹೆಂಡತಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಲ್ಲ ಮುಗಿದಿರುತ್ತದೆ. ಗಂಡನ ವೀರ್ಯಪರೀಕ್ಷೆ ಮಾತ್ರ ‘ಆಮೇಲೆ ನೋಡೋಣ’. ಸೂಜಿಯೂ ಚುಚ್ಚದ, ಖರ್ಚೂ ಕಡಿಮೆಯಿರುವ ಪರೀಕ್ಷೆ ಅದೊಂದೇ!

ಕಾನೂನು ಹಾಗೆ ನೋಡುವುದಿಲ್ಲ. ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆ ಜಾರಿಗೆ ಬಂದದ್ದು 2022ರ ಜನವರಿ 25ರಂದು. ಗರ್ಭನಿರೋಧಕ ಬಳಸದೆ ಒಂದು ವರ್ಷ ಕೂಡಿ ಬಾಳಿದ ಮೇಲೂ ಗರ್ಭ ನಿಲ್ಲದಿರುವುದು, ಇಲ್ಲವೇ ದಂಪತಿಗೆ ಮಕ್ಕಳಾಗದಂತೆ ತಡೆಯುವ ದೃಢಪಟ್ಟ ವೈದ್ಯಕೀಯ ಕಾರಣವಿರುವುದು ಬಂಜೆತನ ಎನ್ನುತ್ತದೆ ಅದು. ಇದು ಜೋಡಿಯ ಸಮಸ್ಯೆ.

‘ಬಂಜೆ’ ಎಂದು ಹಂಗಿಸುವವರ ವಿಷಯಕ್ಕೆ ಬರೋಣ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್, ಮಕ್ಕಳಾಗಲಿಲ್ಲವೆಂದೋ ಗಂಡುಮಗು ಹುಟ್ಟಲಿಲ್ಲವೆಂದೋ ಅವಮಾನಿಸುವುದು, ಅಪಹಾಸ್ಯ ಮಾಡುವುದು ಮಾತಿನ ಹಾಗೂ ಭಾವನಾತ್ಮಕ ದೌರ್ಜನ್ಯವೆಂದು ಹೆಸರಿಟ್ಟೇ ಹೇಳುತ್ತದೆ. ಗಂಡನಷ್ಟೇ ಅಲ್ಲ, ಒಂದೇ ಮನೆಯಲ್ಲಿ ಬಾಳುವ ಅತ್ತೆ, ನಾದಿನಿಯ ಮೇಲೂ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರೇ, ಇದಕ್ಕೆ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181. ವಕೀಲರಿಗೆ ಕೊಡಲು ದುಡ್ಡಿಲ್ಲವೆನ್ನಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಬಹುದು. ‘ಇನ್ನೊಂದು ಮದುವೆ ಮಾಡ್ತೀವಿ’ ಎಂಬ ಬೆದರಿಕೆಗೂ ಬೆಲೆಯಿಲ್ಲ. ಮಕ್ಕಳಾಗದಿರುವುದು ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವಲ್ಲ. ಹೆಂಡತಿಯಿರುವಾಗಲೇ ಮತ್ತೊಂದು ತಾಳಿ ಕಟ್ಟಿದರೆ ಏಳು ವರ್ಷದವರೆಗೆ ಜೈಲು.

ಇನ್ನು ಕ್ಲಿನಿಕ್. ಒಳಗೆ ಕಾಲಿಟ್ಟೊಡನೆ ಗೋಡೆಯ ಮೇಲಿನ ಮುದ್ದು ಮಕ್ಕಳ ಫೋಟೊಗಳನ್ನು ಬಿಟ್ಟು ನೋಂದಣಿ ಪ್ರಮಾಣಪತ್ರ ಹುಡುಕಿ. ಎಲ್ಲರಿಗೂ ಕಾಣುವಂತೆ ಅದನ್ನು ತೂಗುಹಾಕಲೇಬೇಕು. ಚಿಕಿತ್ಸೆ ಪಡೆಯಲು ಹೆಂಡತಿಗೆ 21 ದಾಟಿರಬೇಕು, 50 ತುಂಬಿರಬಾರದು; ಗಂಡನಿಗೆ 21 ದಾಟಿರಬೇಕು, 55 ತುಂಬಿರಬಾರದು. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ-ತ್ರಿವಳಿ ಗರ್ಭದ ಅಪಾಯ ಇವನ್ನು ಮುಂಚೆಯೇ ತಿಳಿಸಿ ಹೇಳುವುದು ಕ್ಲಿನಿಕ್‌ನ ಕರ್ತವ್ಯ. ಬಹಳಷ್ಟು ಆರೋಗ್ಯ ವಿಮೆಗಳು ಈ ಚಿಕಿತ್ಸೆಯನ್ನು ಹೊರಗಿಟ್ಟಿರುವುದರಿಂದ ಖರ್ಚಿನ ಲೆಕ್ಕ ಬರಹದಲ್ಲೇ ಇರಲಿ.

ಮುಖ್ಯವಾದದ್ದು ಒಪ್ಪಿಗೆ ಪತ್ರ. ಇಂಗ್ಲಿಷಿನ ಹತ್ತಾರು ಹಾಳೆ, ನರ್ಸ್ ಬೆರಳಿಟ್ಟ ಕಡೆಯೆಲ್ಲ ಸಹಿ. ಹಾಗೆ ಮಾಡಬೇಡಿ. ಕನ್ನಡದಲ್ಲಿ ವಿವರಿಸಿ ಎನ್ನಿ, ಮನೆಗೆ ಒಯ್ದು ಇಬ್ಬರೂ ಓದಿ. ಅದರಲ್ಲಿ ಎಲ್ಲರೂ ಕಣ್ಣು ತಪ್ಪಿಸುವ ಭಾಗವೊಂದಿದೆ: ವೀರ್ಯ, ಅಂಡಾಣು, ಭ್ರೂಣವನ್ನು ಶೈತ್ಯದಲ್ಲಿ ಇಟ್ಟಿರುವಾಗ ನಿಮ್ಮಲ್ಲೊಬ್ಬರು ತೀರಿಕೊಂಡರೆ ಏನು ಮಾಡಬೇಕು? ಅಪಶಕುನವೆಂದು ಖಾಲಿ ಬಿಡುವಂತಿಲ್ಲ. ಲಿಖಿತ ಸೂಚನೆ ಇಲ್ಲದೆ ಕ್ಲಿನಿಕ್ ಅವನ್ನು ಕಾಪಿಡುವಂತೆಯೇ ಇಲ್ಲ. ಕಾಯ್ದೆ ಬರುವ ಮುಂಚೆ ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ವೀರ್ಯವನ್ನು ಕಾಪಿಟ್ಟು ತೀರಿಕೊಂಡ ಅವಿವಾಹಿತ ಮಗನ ಮಾದರಿಗಾಗಿ ತಂದೆತಾಯಿ ದೆಹಲಿ ಹೈಕೋರ್ಟ್‌ವರೆಗೆ ಹೋಗಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಅವರ ಪರ ತೀರ್ಪಾಯಿತು. ಸಹಿ ಹಾಕಿದರೆ ಮುಗಿಯಿತೆಂದೂ ಅಲ್ಲ: ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಕ್ಷಣದವರೆಗೂ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು.

ದಾನಿಯ ಅಂಡಾಣು, ವೀರ್ಯ ಬಳಸಿದರೂ ಹುಟ್ಟಿದ ಮಗು ಕಾನೂನಿಗೆ ನಿಮ್ಮದೇ, ದಾನಿಗೆ ಹಕ್ಕಿಲ್ಲ. ‘ಗಂಡೇ ಆಗುವಂತೆ ನೋಡ್ಕೋತೀವಿ’ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದುಬನ್ನಿ, ಆ ಅಪರಾಧಕ್ಕೆ ಕನಿಷ್ಠ ಐದು ವರ್ಷ ಸೆರೆ ಇಲ್ಲವೇ ಭಾರಿ ದಂಡ, ಅಥವಾ ಎರಡೂ ಆಗಬಹುದು. ಬಾಡಿಗೆ ತಾಯ್ತನದ ದಾರಿ ಬೇರೆ ಕಾಯ್ದೆಯದು. ಹಣ ಕೊಟ್ಟು ಹೆರಿಸುವುದು ಅಲ್ಲಿ ನಿಷಿದ್ಧ.

ಚಿಕಿತ್ಸೆ ಫಲಿಸಲಿ ಬಿಡಲಿ, ಏನೇನು ಮಾಡಿದರೆಂಬ ಬಿಡುಗಡೆ ಪತ್ರ ಕೇಳಿ ಪಡೆಯಿರಿ. ಕರಾರಿನಲ್ಲಿಲ್ಲದ ಬಿಲ್ ಬಂದರೆ, ಮಾತು ತಪ್ಪಿದರೆ ಮೊದಲು ಕ್ಲಿನಿಕ್‌ನ ದೂರು ವಿಭಾಗಕ್ಕೆ ಬರೆದುಕೊಡಿ. ಅದನ್ನು ಇಟ್ಟುಕೊಳ್ಳುವುದು ಕಡ್ಡಾಯ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು.