ಜೂಮ್ ಮಸೂರದ ರಚನೆ ಮತ್ತು ಗುಣಧರ್ಮ

ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುವ ಸಾಧನವೆಂದು ಕ್ಯಾಮೆರಾದ ಜೂಮ್ ಮಸೂರವು ಜನರಲ್ಲಿ ಪ್ರಸಿದ್ಧವಾಗಿದೆ. ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ಯಾವ ಮಸೂರವೂ ವಸ್ತುವನ್ನು ಹತ್ತಿರಕ್ಕೆ ತರಲಾರದು. ಅದು ವಸ್ತುವಿನ ಪ್ರತಿಬಿಂಬವನ್ನು ಹಿಗ್ಗಿಸುತ್ತದೆ, ಅಷ್ಟೆ. ಈ ಹಿಗ್ಗುವಿಕೆ ಹೇಗೆ ಉಂಟಾಗುತ್ತದೆ, ಅದಕ್ಕಾಗಿ ತೆರಬೇಕಾದ ಬೆಲೆ ಯಾವುದು ಎಂಬುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ದೊರೆಯುವ ಎರಡು ಮಸೂರಗಳಿಂದಲೇ ವಿದ್ಯಾರ್ಥಿಗಳು ಅರಿತುಕೊಳ್ಳಬಹುದು.

ಬಹು ದೂರದ ವಸ್ತುವಿನಿಂದ ಬಂದ ಕಿರಣಗಳು ಪೀನಮಸೂರವನ್ನು ದಾಟಿ ಒಂದುಗೂಡುವ ದೂರಕ್ಕೆ ಸಂಗಮದೂರವೆಂದು ಹೆಸರು. ಸಂಗಮದೂರ ಇಮ್ಮಡಿಯಾದರೆ ದೂರದ ವಸ್ತುವಿನ ಪ್ರತಿಬಿಂಬದ ಎತ್ತರವೂ ಇಮ್ಮಡಿಯಾಗುತ್ತದೆ. ಆದರೆ ಒಂದೇ ಗಾಜಿನ ಮಸೂರದ ಸಂಗಮದೂರವು ಅದನ್ನು ಉಜ್ಜಿ ನಯಮಾಡಿದಂದೇ ನಿಶ್ಚಿತವಾಗಿಬಿಡುತ್ತದೆ. ಅದನ್ನು ಬದಲಾಯಿಸಬೇಕಾದರೆ ಮಸೂರವನ್ನೇ ಬದಲಾಯಿಸಬೇಕು. ಎರಡು ಮಸೂರಗಳನ್ನು ಜೊತೆಗೂಡಿಸಿದಾಗ ಸ್ಥಿತಿ ಬೇರೆ. ಆಗ ಅವುಗಳ ನಡುವಣ ಅಂತರವನ್ನು ಹೆಚ್ಚು ಕಡಿಮೆ ಮಾಡಿ ಜೋಡಿಯ ಸಂಗಮದೂರವನ್ನು ಬದಲಿಸಬಹುದು. ಜೂಮ್ ಮಸೂರದ ಮೂಲತತ್ತ್ವವಿದು.

ಪ್ರಯೋಗಕ್ಕಾಗಿ ೨೦ ಸೆಂ.ಮೀ. ಸಂಗಮದೂರದ ನಿಮ್ನಮಸೂರವೊಂದನ್ನು ಮುಂದೆಯೂ ೧೦ ಸೆಂ.ಮೀ. ಸಂಗಮದೂರದ ಪೀನಮಸೂರವೊಂದನ್ನು ಹಿಂದೆಯೂ ನಿಲ್ಲಿಸಿ, ಕಿಟಕಿಯಾಚೆಯ ದೂರದ ಮರದತ್ತ ತಿರುಗಿಸಿರಿ. ಮಸೂರಗಳ ಅಂತರ ೧೦ ಸೆಂ.ಮೀ. ಇದ್ದಾಗ ಜೋಡಿಯ ಸಂಗಮದೂರ ೧೦ ಸೆಂ.ಮೀ.; ಪೀನಮಸೂರದ ಹಿಂದೆ ೧೫ ಸೆಂ.ಮೀ. ದೂರದಲ್ಲಿ ಹಿಡಿದ ಬಿಳಿಯ ಕಾಗದದ ಮೇಲೆ ಮರದ ತಲೆಕೆಳಗಾದ ಪ್ರತಿಬಿಂಬ ಮೂಡುತ್ತದೆ. ಅಂತರವನ್ನು ೨.೫ ಸೆಂ.ಮೀ.ಗೆ ಇಳಿಸಿದರೆ ಸಂಗಮದೂರ ೧೬ ಸೆಂ.ಮೀ. ಆಗುತ್ತದೆ. ಮೊದಲು ೨ ಸೆಂ.ಮೀ. ಎತ್ತರವಿದ್ದ ಮರ ಈಗ ೩.೨ ಸೆಂ.ಮೀ. ಎತ್ತರವಾಗಿ ಕಾಣುತ್ತದೆ. ಆದರೆ ಕಾಗದವನ್ನು ಪೀನಮಸೂರದಿಂದ ೧೮ ಸೆಂ.ಮೀ. ದೂರಕ್ಕೆ ಸರಿಸದೆ ಪ್ರತಿಬಿಂಬವು ಸ್ಪಷ್ಟವಾಗದು.

ಕಷ್ಟವಿರುವುದು ಇಲ್ಲಿಯೇ. ಕ್ಯಾಮೆರಾದಲ್ಲಿ ಕಾಗದದ ಸ್ಥಾನದಲ್ಲಿರುವ ಫಿಲ್ಮಾಗಲಿ, ಇಂದಿನ ವಿದ್ಯುನ್ಮಾನ ಸಂವೇದಕವಾಗಲಿ ಹೀಗೆ ಹಿಂದೆ ಸರಿಯುವಂತಿಲ್ಲ. ಆದುದರಿಂದ ಮಸೂರಗಳೆರಡೂ ಚಲಿಸಬೇಕು. ಸಂಗಮದೂರವು ೧೦ರಿಂದ ೧೩ಕ್ಕೆ, ಬಳಿಕ ೧೩ರಿಂದ ೧೬ಕ್ಕೆ ಏರುವಾಗ ಹಿಂದಿನ ಮಸೂರವು ಎರಡು ಸಲವೂ ೧.೫ ಸೆಂ.ಮೀ. ಮುಂದಕ್ಕೆ ಬರಬೇಕು. ಮುಂದಿನ ಮಸೂರವಾದರೋ ಮೊದಲ ಸಲ ಸುಮಾರು ೩.೧ ಸೆಂ.ಮೀ., ಎರಡನೆಯ ಸಲ ಸುಮಾರು ೧.೪ ಸೆಂ.ಮೀ. ಮಾತ್ರ ಹಿಂದಕ್ಕೆ ಸರಿಯಬೇಕು. ಒಂದರ ಚಲನೆ ಸಮವಾದುದು, ಇನ್ನೊಂದರದು ವಿಷಮವಾದುದು. ಇವೆರಡನ್ನೂ ಒಂದೇ ಕೈತಿರುವಿನಿಂದ ಸಾಧಿಸಲು ಮಸೂರದ ಕೊಳವೆಯೊಳಗೆ ಬಾಗಿದ ತೋಡುಗಳನ್ನು ಕೊರೆದಿರುತ್ತಾರೆ. ಹೊರಗಿನ ಬಳೆಯನ್ನು ತಿರುಗಿಸಿದಾಗ ಮಸೂರಗಳ ಚೌಕಟ್ಟಿಗೆ ಹೊಂದಿಸಿದ ಮೊಳೆಗಳು ಈ ತೋಡುಗಳನ್ನನುಸರಿಸಿ ಜಾರುತ್ತವೆ. ಲೆಕ್ಕದ ವಕ್ರರೇಖೆಯೇ ಅಲ್ಲಿ ಲೋಹದಲ್ಲಿ ಕೆತ್ತಲ್ಪಟ್ಟಿದೆಯೆನ್ನಬಹುದು.

ಚಲನಚಿತ್ರದ ಕ್ಯಾಮೆರಾಗಳಿಗೆ ಇಂತಹ ಮಸೂರಗಳು ಮೊದಲೇ ಬಂದಿದ್ದವು. ೩೫ ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮೆರಾಗಳಿಗಾಗಿ ಮಾರುಕಟ್ಟೆಗೆ ಬಂದ ಮೊದಲನೆಯದು ೧೯೫೯ರ ಫೋಕ್ಟ್‌ಲೆಂಡರ್ ಜೂಮರ್. ಫ್ರಾಂಕ್ ಬ್ಯಾಕ್ ಎಂಬವರು ಯೋಜಿಸಿದ ಇದರ ಸಂಗಮದೂರ ೩೬ರಿಂದ ೮೨ ಮಿ.ಮೀ.ವರೆಗೆ ಬದಲಾಗುತ್ತಿತ್ತು.

ನಮ್ಮ ಪ್ರಯೋಗದಲ್ಲಿ ಪ್ರತಿಬಿಂಬದ ಅಂಚುಗಳು ಮಸುಕಾಗಿಯೂ ಬಣ್ಣಗೂಡಿಯೂ ಕಾಣುವುವು. ಬೇರೆ ಬೇರೆ ಬಣ್ಣದ ಕಿರಣಗಳು ಬೇರೆ ಬೇರೆ ಪ್ರಮಾಣದಲ್ಲಿ ಬಾಗುವುದೇ ಬಣ್ಣದ ಅಂಚಿಗೆ ಕಾರಣ. ಇಂತಹ ದೋಷಗಳನ್ನು ಪ್ರತಿಯೊಂದು ಸಂಗಮದೂರದಲ್ಲಿಯೂ ತಡೆಯಬೇಕಾದುದರಿಂದ ಒಂದೊಂದು ಮಸೂರದ ಸ್ಥಾನದಲ್ಲಿ ಹಲವು ಬಗೆಯ ಗಾಜುಗಳ ಗುಂಪನ್ನೇ ಇಡುತ್ತಾರೆ. ಇದರಿಂದ ಮತ್ತೊಂದು ತೊಡಕು ಹುಟ್ಟುತ್ತದೆ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಬಿದ್ದ ಬೆಳಕಿನಲ್ಲಿ ಶೇಕಡಾ ೪ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಅಂತಹ ೨೦ ಮೈಗಳನ್ನು ದಾಟುವಷ್ಟರಲ್ಲಿ ಶೇಕಡಾ ೪೪ರಷ್ಟು ಬೆಳಕು ಮಾತ್ರ ಉಳಿಯುತ್ತದೆ. ೧೯೩೫ರಲ್ಲಿ ಜರ್ಮನಿಯ ತ್ಸೈಸ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದ, ಪ್ರತಿಫಲನವನ್ನು ತಗ್ಗಿಸುವ ತೆಳುಲೇಪವು ಇದಕ್ಕೆ ಪರಿಹಾರವಾಯಿತು. ಲೇಪದ ಹೊರಮೈ ಮತ್ತು ಒಳಮೈಗಳಿಂದ ಮರಳುವ ಎರಡು ಅಲೆಗಳು ಒಂದನ್ನೊಂದು ಅಳಿಸಿಹಾಕುವುದೇ ಅದರ ಮರ್ಮ.

ಇನ್ನು ಮಸೂರದ ಮೇಲೆ ಕೆತ್ತಿರುವ ಅಂಕೆಗಳನ್ನು ಓದಲು ಕಲಿಯಬೇಕು. ‘೧೮–೫೫ ಮಿ.ಮೀ., ೩.೫–೫.೬’ ಎಂದಿದ್ದರೆ ಮೊದಲ ಜೋಡಿ ಸಂಗಮದೂರದ ಎಲ್ಲೆಗಳನ್ನು ತಿಳಿಸುತ್ತದೆ. ಎರಡನೆಯ ಜೋಡಿಯು, ಸಂಗಮದೂರವನ್ನು ಬೆಳಕು ಹೋಗುವ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಈ ಸಂಖ್ಯೆ ಹಿರಿದಾದಷ್ಟೂ ಚಿತ್ರಕ್ಕೆ ದೊರೆಯುವ ಬೆಳಕು ಕಿರಿದು. ೩.೫ರಿಂದ ೫.೬ಕ್ಕೆ ಏರಿದಾಗ ಬೆಳಕು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಪ್ರತಿಬಿಂಬದೊಡನೆ ಕೈಯ ನಡುಕವೂ ಹಿಗ್ಗುತ್ತದೆ. ಶಾಲಾ ವಾರ್ಷಿಕೋತ್ಸವದ ಮಂದಬೆಳಕಿನಲ್ಲಿ ಕೊನೆಯ ಸಾಲಿನಿಂದ ತೆಗೆದ ಚಿತ್ರಗಳು ಕದಡಿಹೋಗಲು ಈ ಎರಡು ಕಾರಣಗಳು ಸಾಕು. ಕ್ಯಾಮೆರಾವನ್ನು ಒಂದು ಮೇಜಿಗೆ ಆನಿಸಿ ಹಿಡಿದರೂ ಕೈನಡುಕದ ದೋಷವು ಬಹಳ ಮಟ್ಟಿಗೆ ತಗ್ಗುವುದು.

ಹಿಗ್ಗಿಸುವುದಕ್ಕೂ ಸಮೀಪಿಸುವುದಕ್ಕೂ ಇರುವ ಭೇದವನ್ನು ಮರೆಯಬಾರದು. ಕ್ಯಾಮೆರಾದಿಂದ ೨ ಮೀಟರ್ ದೂರದಲ್ಲೊಬ್ಬನೂ ೪ ಮೀಟರ್ ದೂರದಲ್ಲೊಬ್ಬನೂ ಸಮಾನ ಎತ್ತರದ ಹುಡುಗರು ನಿಂತಿದ್ದರೆ, ಮುಂದಿನವನು ಚಿತ್ರದಲ್ಲಿ ಇಮ್ಮಡಿ ಎತ್ತರವಾಗಿ ಕಾಣುವನು. ಬಳೆಯನ್ನು ಎಷ್ಟು ತಿರುಗಿಸಿದರೂ ಈ ಪ್ರಮಾಣ ಬದಲಾಗದು. ಛಾಯಾಗ್ರಾಹಕನು ೮ ಮೀಟರ್ ಹಿಂದೆ ಸರಿದರೆ ಅದು ೧.೨ಕ್ಕೆ ಇಳಿಯುತ್ತದೆ, ಆಗ ಸಂಗಮದೂರವನ್ನು ಹೆಚ್ಚಿಸಿ ಚೌಕಟ್ಟನ್ನು ತುಂಬಿಸಿಕೊಳ್ಳಬಹುದು. ಮೊದಲು ನಿಲ್ಲುವ ಸ್ಥಳ, ಅನಂತರ ಸಂಗಮದೂರ ಎಂಬುದೇ ಸರಿಯಾದ ಕ್ರಮ. ಮೊಬೈಲ್ ದೂರವಾಣಿಯ ತೆರೆಯ ಮೇಲೆ ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸುವುದಂತೂ ಅನೇಕ ವೇಳೆ ದಾಖಲಾದ ಚಿತ್ರದ ಒಂದು ತುಣುಕನ್ನು ದೊಡ್ಡದು ಮಾಡುವುದೇ ಹೊರತು ಮಸೂರದ ಕಾರ್ಯವಲ್ಲ.

ಅಭ್ಯಾಸ: ಮೇಲಿನ ಪ್ರಯೋಗದಲ್ಲಿ ಮಸೂರಗಳ ಅಂತರಕ್ಕೆ ೧೦ನ್ನು ಕೂಡಿಸಿ, ಆ ಮೊತ್ತದಿಂದ ೨೦೦ನ್ನು ಭಾಗಿಸಿದರೆ ಸಂಗಮದೂರವು ಸೆಂ.ಮೀ.ಗಳಲ್ಲಿ ದೊರೆಯುತ್ತದೆ. ಅದರ ಅರ್ಧಕ್ಕೆ ೧೦ನ್ನು ಕೂಡಿಸಿದರೆ ಪೀನಮಸೂರದಿಂದ ಕಾಗದಕ್ಕಿರುವ ದೂರ. ಅಂತರವು ೬ ಸೆಂ.ಮೀ. ಆದಾಗ ಇವೆರಡೂ ಎಷ್ಟೆಂದು ಲೆಕ್ಕಹಾಕಿ, ಬಳಿಕ ಅಳತೆಪಟ್ಟಿಯಿಂದ ಪರೀಕ್ಷಿಸಿ ನೋಡಿರಿ.