ಸಿರುಗುಪ್ಪದ ಭತ್ತದ ಗದ್ದೆ: ಜೀವಿಸಂಖ್ಯೆ ಮತ್ತು ಆಹಾರ ಸರಪಳಿ

ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರುಂಡು ಬೆಳೆಯುವ ಸಿರುಗುಪ್ಪ, ಕುರುಗೋಡು ಭಾಗದ ಭತ್ತದ ಗದ್ದೆಯೇ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಭತ್ತ ಉತ್ಪಾದಕ, ಅದರ ರಸ ಹೀರುವ ಕಂದು ಜಿಗಿಹುಳು ಪ್ರಾಥಮಿಕ ಭಕ್ಷಕ, ಅದನ್ನು ತಿನ್ನುವ ಜೇಡ ದ್ವಿತೀಯಕ ಭಕ್ಷಕ. ಮುಂದೆ ಕಪ್ಪೆ, ಹಾವು, ಹದ್ದು. ಒಂದು ಸ್ತರದಿಂದ ಮುಂದಿನದಕ್ಕೆ ಸುಮಾರು ಶೇ 10ರಷ್ಟು ಶಕ್ತಿ ಮಾತ್ರ ದಾಟುತ್ತದೆ (ಲಿಂಡ್‌ಮನ್, 1942). ಆದ್ದರಿಂದಲೇ ಗದ್ದೆಯಲ್ಲಿ ಹುಳು ಸಾವಿರಾರು, ಹದ್ದು ಒಂದೆರಡು.

ಆಹಾರ ಹೇರಳವಾಗಿದ್ದು ಶತ್ರುಗಳಿಲ್ಲದಿದ್ದರೆ ಹುಳುವಿನ ಸಂಖ್ಯೆ 'ಜೆ' ಆಕಾರದಲ್ಲಿ ಏರುತ್ತದೆ. ಆಹಾರ, ಜಾಗ ಸಾಲದಾದಾಗ ಏರಿಕೆ ತಗ್ಗಿ, ಧಾರಣ ಸಾಮರ್ಥ್ಯದ (ಗದ್ದೆ ಸಾಕಬಲ್ಲ ಗರಿಷ್ಠ ಸಂಖ್ಯೆಯ) ಬಳಿ ನಿಂತು 'ಎಸ್' ಆಕಾರವಾಗುತ್ತದೆ. ಇದರ ಸಮೀಕರಣ ವೆರ್ಹುಲ್ಸ್ಟ್‌ನದು, 1838.

ಪರೀಕ್ಷೆಗೂ ರೈತರಿಗೂ ಮುಖ್ಯವಾದ ಮಾತು ಇದು: ಅತಿಯಾದ ಕೀಟನಾಶಕ ಜೇಡವನ್ನೂ ಕೊಲ್ಲುತ್ತದೆ. ಎಲೆಕವಚದೊಳಗಿನ ಮೊಟ್ಟೆಗಳಿಂದ ಹೊರಬಂದ ಜಿಗಿಹುಳುವಿಗೆ ಆಗ ತಡೆಯೇ ಇಲ್ಲ. ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ, ಗದ್ದೆ ಸುಟ್ಟಂತೆ ಒಣಗುತ್ತದೆ. ಇದೇ ಕಾರಣಕ್ಕೆ ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು.